ಕತ್ತರಿ ಮುಚ್ಚುತ್ತದೆ, ತೆರೆಯುವುದಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನೊಬ್ಬ ಟೇಲರ್ ಮಗಳು. ಸ್ಟ್ರೋಕ್ (ಪಾರ್ಶ್ವವಾಯು) ಆಗಿ ಮುಚ್ಚಿಕೊಂಡ ಕೈಯನ್ನು ತೆರೆಸುವ ಚಿಕಿತ್ಸೆ ನಮ್ಮಂಥ ತಾಲೂಕಿಗೆ ಮುಟ್ಟುತ್ತಿಲ್ಲ ಎಂದು ಹೇಳಲು ಈ ಪತ್ರ. ನಮ್ಮದು ಬಯಲುಸೀಮೆಯ ಒಂದು ತಾಲೂಕು ಕೇಂದ್ರ. ಬೇಕೆಂತಲೇ ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆ ಯಾರೋ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ನೋಟಿಸ್ ಹೋಗುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಪಾಪ, ಅವರ ತಪ್ಪೇನೂ ಇದರಲ್ಲಿಲ್ಲ.

ಅಪ್ಪ 40 ವರ್ಷ ಬಟ್ಟೆ ಹೊಲಿದವರು. ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ಅಂಗಡಿಯಲ್ಲಿ ಬ್ಲೌಸ್ ಪೀಸ್ ಕತ್ತರಿಸುತ್ತಿದ್ದಾಗ ಕತ್ತರಿ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಬಲಗೈ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆ ವಾಲಿತು. ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಓಡಿ ಬಂದು ನೋಡಿದವನೇ 108ಕ್ಕೆ ಫೋನ್ ಮಾಡಿದ. ಸ್ಟ್ರೋಕ್ ಆದ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು ಅಂತ ಅವನಿಗೆ ಗೊತ್ತಿತ್ತು. ಯಾವುದೋ ರೀಲ್ಸ್‌ನಲ್ಲಿ ನೋಡಿದ್ದನಂತೆ. ಸದಾ ಫೋನ್ ನೋಡುತ್ತಾನೆ ಎಂದು ಅಪ್ಪ ಅವನನ್ನು ದಿನಾ ಬೈಯುತ್ತಿದ್ದರು, ಈಗ ಬೈಯುವುದಿಲ್ಲ.

ಆಂಬುಲೆನ್ಸ್ ಬಂತು. ಜಿಲ್ಲಾ ಕೇಂದ್ರದಲ್ಲಿ ಸಿಟಿ ಸ್ಕ್ಯಾನ್ ಆಯಿತು, ಇಂಜೆಕ್ಷನ್ ಕೊಟ್ಟರು, ಅಪ್ಪ ಉಳಿದರು. ಅದಕ್ಕೆ ನಿಮ್ಮ ಇಲಾಖೆಗೆ ನಾವು ಋಣಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಮರೆತುಹೋಗಬಾರದು. ಆರು ವಾರಕ್ಕೆ ಅಪ್ಪ ಕೋಲೂರಿಕೊಂಡು ಬೀದಿ ಕೊನೆಯ ಟೀ ಅಂಗಡಿವರೆಗೆ ನಡೆದರು. ಮಾತು ತೊದಲುತ್ತಿದ್ದದ್ದು ಸರಿಹೋಯಿತು. ಸರಿಹೋಗದೆ ಉಳಿದದ್ದು ಬಲಗೈ.

ಡಿಸ್ಚಾರ್ಜ್ ದಿನ ಮಾತ್ರೆ ಚೀಟಿಯ ಜೊತೆ ಒಂದು ಮಾತು ಹೇಳಿ ಕಳಿಸಿದ್ದರು: "ಸ್ಮೈಲಿ ಬಾಲ್ ತಗೊಂಡು ದಿನಾ ಅದುಮಿಸಿ." ನಾವು ತಂದೆವು. ಹಳದಿ ಸ್ಪಂಜಿನ ಚೆಂಡು. ಅಪ್ಪ ಶ್ರದ್ಧೆಯವರು, ಟಿವಿ ನೋಡುತ್ತಾ, ಬಾಗಿಲಲ್ಲಿ ಕೂತು, ರಾತ್ರಿ ಮಲಗುವ ಮುಂಚೆ, ಐದು ತಿಂಗಳು ಅದುಮಿದರು. ಮುಷ್ಟಿ ಗಟ್ಟಿಯಾಯಿತು. ಎಷ್ಟು ಗಟ್ಟಿಯಾಯಿತೆಂದರೆ, ಅದನ್ನು ಬಿಡಿಸಲು ಅಮ್ಮ ಮತ್ತು ನಾನು ಇಬ್ಬರೂ ಬೇಕಾಗುತ್ತಿತ್ತು.

ಒಂದು ದಿನ ಅಪ್ಪ ಎಡಗೈಯಿಂದ ಕತ್ತರಿ ಎತ್ತಿ ಬಲಗೈ ಬೆರಳಿಗೆ ಸಿಕ್ಕಿಸಿಕೊಂಡರು. ಹಳೇ ಪೇಪರ್ ಒಂದು ಸಲ ಕತ್ತರಿಸಿದರು. ಆಮೇಲೆ ಸುಮ್ನೆ ಕೂತರು. "ಮುಚ್ಚೋಕೆ ಬರುತ್ತೆ ಕಣಮ್ಮ," ಅಂದರು, "ತೆರೆಯೋಕೆ ಬರಲ್ಲ."

ಸ್ಟ್ರೋಕ್ ಆದ ಕೈಯ ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ. ಬೆರಳು ಮಡಚುವ ಸ್ನಾಯುಗಳು ಬೇಗ ಬಿಗಿಯಾಗುತ್ತವೆ, ಬಿಗಿದೇ ಇರುತ್ತವೆ. ಬೆರಳು ಬಿಚ್ಚುವ ಸ್ನಾಯುಗಳಿರುವುದು ಮುಂಗೈಯ ಹಿಂಭಾಗದಲ್ಲಿ. ಅವುಗಳಿಗೆ ಮೆದುಳಿನಿಂದ ಹುಕುಂ ಬರುವುದೇ ನಿಂತುಹೋಗಿರುತ್ತದೆ, ಬಂದರೂ ಎಲ್ಲಕ್ಕಿಂತ ಕೊನೆಗೆ. ಲೋಟ ಹಿಡಿಯಬೇಕಾದರೂ ಮೊದಲು ಕೈ ತೆರೆಯಬೇಕಲ್ವಾ? ಮುಚ್ಚಿಕೊಂಡೇ ಇರುವ ಕೈಗೆ ಇನ್ನಷ್ಟು ಮುಚ್ಚುವುದನ್ನೇ ಐದು ತಿಂಗಳು ಕಲಿಸಿದೆವು ನಾವು.

ಈ ನಡುವೆ ನೆಂಟರೊಬ್ಬರು ಪಾರಿವಾಳದ ರಕ್ತ ಹಚ್ಚಿಸಿ ಎಂದರು. ಇನ್ನೊಬ್ಬರು ಲಕ್ವಾಕ್ಕೆ ಔಷಧಿ ಕೊಡುವ ಊರಿನ ಅಡ್ರೆಸ್ ಕೊಟ್ಟರು. ಅಮ್ಮ ಎರಡಕ್ಕೂ ತಯಾರಿದ್ದಳು. ನಾನು ಬೈದೆ. ಬೈದದ್ದು ಬೈದೆ, ಆದರೆ ಅದರ ಬದಲಿಗೆ ಅವಳ ಕೈಗೆ ಕೊಡಲು ನನ್ನ ಹತ್ತಿರ ಇದ್ದದ್ದು ಆ ಹಳದಿ ಚೆಂಡು ಮಾತ್ರ.

ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೋಣೆ ಇದೆ. ಫಿಸಿಯೋಥೆರಪಿಸ್ಟ್ ಒಬ್ಬರಿದ್ದಾರೆ, ವಾರದಲ್ಲಿ ಎರಡು ದಿನ ಬರುತ್ತಾರೆ. ಆ ಎರಡು ದಿನ ಸೊಂಟ ನೋವು, ಮಂಡಿ ನೋವು, ಪ್ಲಾಸ್ಟರ್ ಬಿಚ್ಚಿದ ಕೈಕಾಲು, ಎಲ್ಲವೂ ಅವರೊಬ್ಬರ ತಲೆಗೇ. ಅಪ್ಪನಿಗೆ ಸಿಕ್ಕಿದ್ದು ಹತ್ತು ನಿಮಿಷ. ಅದೂ ಅವರು ಊಟ ಬಿಟ್ಟು ಕೊಟ್ಟ ಹತ್ತು ನಿಮಿಷ. ಮೂಲೆಯ ಟೇಬಲ್ ಮೇಲೆ ಬಟ್ಟೆಯ ಕವರ್ ಹಾಕಿದ ಒಂದು ಯಂತ್ರವಿತ್ತು. ಅದು ಏನೆಂದು ಕೇಳಿದೆ. "ಮಸಲ್ ಸ್ಟಿಮ್ಯುಲೇಟರ್. ಪ್ಯಾಡ್ ಒಡೆದುಹೋಗಿವೆ, ಇಂಡೆಂಟ್ ಹಾಕಿ ಒಂದೂವರೆ ವರ್ಷ ಆಯ್ತು," ಎಂದರು. ಅಪ್ಪ ಆ ಕವರನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಹೇಳಿದರು, "ಅದರ ಅಂಚು ಸರಿಯಾಗಿ ಮಡಚಿಲ್ಲ, ದಾರ ಬಿಟ್ಕೊಂಡಿದೆ." ಕೈ ಹೋದರೂ ಕಣ್ಣು ಟೇಲರ್‌ದೇ.

ಆ ಯಂತ್ರ ಏನು ಮಾಡುತ್ತದೆಂದು ನಮಗೆ ತಿಳಿದದ್ದು ಇನ್ನೊಂದು ಊರಿನ ಖಾಸಗಿ ಕ್ಲಿನಿಕ್‌ನಲ್ಲಿ, ಏಳನೇ ತಿಂಗಳಲ್ಲಿ. ಹೋಗಿಬರಲು ಬಸ್ಸಿನಲ್ಲಿ ಮೂರು ಗಂಟೆ. ಚಿಕ್ಕ ವಯಸ್ಸಿನ ಫಿಸಿಯೋಥೆರಪಿಸ್ಟ್. "ಅಂಕಲ್, ಕೈಗೆ ಸ್ವಲ್ಪ ಕರೆಂಟ್ ಕೊಡ್ತೀನಿ," ಎಂದರು. ಅಮ್ಮ ಎದ್ದು ನಿಂತಳು. ಕರೆಂಟ್ ಕೊಡುವುದು ಅಂದರೆ ಅವಳಿಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ತಲೆಗೆ ಶಾಕ್ ಕೊಡುವ ದೃಶ್ಯ. ಆ ಹುಡುಗಿ ನಗುತ್ತಾ ಮೊದಲು ಅಮ್ಮನ ಕೈಗೇ ಪ್ಯಾಡ್ ಅಂಟಿಸಿದರು. "ಇರುವೆ ಹರಿದಂಗೆ ಆಗುತ್ತೆ ಅಷ್ಟೇ," ಎಂದಳು ಅಮ್ಮ, ಸ್ವಲ್ಪ ನಿರಾಸೆಯಾದವಳಂತೆ.

ಆಮೇಲೆ ಅಪ್ಪನ ಸರದಿ. ಮೊಣಕೈಯಿಂದ ಸ್ವಲ್ಪ ಕೆಳಗೆ ಒಂದು ಪ್ಯಾಡ್, ಮಣಿಕಟ್ಟಿಗಿಂತ ಮೇಲೆ ಇನ್ನೊಂದು. ಗುಂಡಿ ನಿಧಾನ ತಿರುಗಿಸಿದರು. ಜುಮ್ಮೆಂದಿತು, ಮಣಿಕಟ್ಟು ಎದ್ದಿತು. ಪ್ಯಾಡನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿದರು. ಏಳು ತಿಂಗಳು ಮುಚ್ಚಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈ ಬೆಳ್ಳಗೆ ನೆನೆದಂತಿತ್ತು, ಬೆವರಿನ ಹುಳಿ ವಾಸನೆ. ಉಗುರು ಒತ್ತಿ ಒತ್ತಿ ನಾಲ್ಕು ಕೆಂಪು ಗುರುತು. ನಾವು ಮೂವರೂ ಬಾಯಿ ಬಿಟ್ಟು ನೋಡುತ್ತಿದ್ದೆವು. ಅಪ್ಪ ಮಾತ್ರ ಗಡಿಬಿಡಿಯಲ್ಲಿದ್ದರು: "ಬೇಗ ಉಗುರು ಕತ್ತರಿಸ್ರೇ, ಮತ್ತೆ ಮುಚ್ಕೊಳ್ಳೋ ಮುಂಚೆ!"

ಸಚಿವರೇ, ಇದರಲ್ಲಿ ಮಾಯಮಂತ್ರ ಏನಿಲ್ಲ. ಸ್ಟ್ರೋಕ್‌ನಲ್ಲಿ ಕೆಟ್ಟಿರುವುದು ಮೇಲಿನ ಮೇನ್ ಬೋರ್ಡು. ಬೆನ್ನುಹುರಿಯಿಂದ ಕೈಗೆ ಬರುವ ವೈರಿಂಗ್ ನೆಟ್ಟಗಿರುತ್ತದೆ. ಚರ್ಮದ ಮೇಲಿಂದ ಸಣ್ಣ ಸಣ್ಣ ಬಡಿತದ ಕರೆಂಟ್ ಕೊಟ್ಟರೆ ಆ ನರ ಎಚ್ಚೆತ್ತು ಸ್ನಾಯುವನ್ನು ಎಳೆಯುತ್ತದೆ. ಅಪ್ಪನಿಗೆ ಇಟ್ಟಿದ್ದು ಸೆಕೆಂಡಿಗೆ 35 ಬಡಿತ. ಹತ್ತು ಸೆಕೆಂಡ್ ಕೊಟ್ಟು, ಹದಿನೈದು ಸೆಕೆಂಡ್ ಬಿಡುವುದು. ಆದರೆ ಯಂತ್ರ ಕೈ ತೆರೆಯುವುದನ್ನು ನೋಡುತ್ತಾ ಸುಮ್ನೆ ಕೂತರೆ ಪ್ರಯೋಜನ ಕಡಿಮೆ. ಕರೆಂಟ್ ಬಂದಾಗಲೆಲ್ಲ ರೋಗಿಯೂ ತೆರೆಯಲು ಮನಸ್ಸಿಟ್ಟು ಪ್ರಯತ್ನಿಸಬೇಕು. ಆ ಪ್ರಯತ್ನವೂ ಕೈ ತೆರೆದ ಅನುಭವವೂ ಒಟ್ಟಿಗೆ ಮೆದುಳಿಗೆ ಮುಟ್ಟಬೇಕು, ಸಾವಿರಾರು ಸಲ.

ಈ ವಿಷಯ ಹೊಸದೇನಲ್ಲ. 1757ರಲ್ಲೇ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಒಂದು ಪತ್ರ ಬರೆದಿದ್ದಾರೆ. ಫಿಲಡೆಲ್ಫಿಯಾದ ಅವರ ಮನೆಗೆ ಪಾರ್ಶ್ವವಾಯು ಆದವರು ದೂರದೂರದಿಂದ ಬರುತ್ತಿದ್ದರಂತೆ, ಕರೆಂಟ್ ಹೊಡೆಸಿಕೊಳ್ಳಲು. ಮೊದಲ ಕೆಲವು ದಿನ ಚೇತರಿಕೆ ಕಂಡಿತು, ಐದನೇ ದಿನದ ಮೇಲೆ ಮುಂದಕ್ಕೆ ಹೋಗಲಿಲ್ಲ, ಬೇಸರವಾಗಿ ಮನೆಗೆ ಹೋದರು, ಶಾಶ್ವತ ಲಾಭ ಯಾರಿಗೂ ಆಗಲಿಲ್ಲ ಎನ್ನುತ್ತಾರೆ. ಮೊದಲು ಕಂಡ ಚೇತರಿಕೆ ದಿನಾ ನಡೆದು ಬಂದ ವ್ಯಾಯಾಮದಿಂದಲೂ ಇರಬಹುದು ಎಂದು ಅವರಿಗೇ ಅನುಮಾನ. ಎಂಥ ಪ್ರಾಮಾಣಿಕ ಮನುಷ್ಯ! ಕರೆಂಟಿನ ಜೊತೆ ವ್ಯಾಯಾಮವನ್ನು ಅವರೇ ಸೇರಿಸಿದ್ದರೆ ಏನಾಗುತ್ತಿತ್ತೋ. ಅದಾಗಲು ಇನ್ನೂರು ವರ್ಷ ಹಿಡಿಯಿತು. 1961ರಲ್ಲಿ ಲಿಬರ್ಸನ್ ಎಂಬ ವೈದ್ಯರು, ನಡೆಯುವಾಗ ಪಾದ ಎಳೆಯುವವರಿಗೆ ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ಕರೆಂಟ್ ಬರುವ ಉಪಕರಣದ ಬಗ್ಗೆ ಬರೆದರು. ಕೈಗೆ ಬಳಕೆಯಾದದ್ದೂ ಇದೇ ವಿದ್ಯೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜೇಮ್ ನಟ್ಸನ್ ಮತ್ತು ಜೊತೆಯವರು ಮಾಡಿದ ಕೆಲಸ. ಸರಿಯಿರುವ ಕೈಗೆ ಒಂದು ಕೈಗವಸು. ಆ ಕೈ ಎಷ್ಟು ತೆರೆಯುತ್ತದೋ ಅಷ್ಟೇ ಕರೆಂಟ್ ಇನ್ನೊಂದು ಕೈಗೆ ಹೋಗುತ್ತದೆ, ಅದೂ ತೆರೆಯುತ್ತದೆ. ತನ್ನ ಕೈಯನ್ನು ತಾನೇ ತೆರೆಸುವುದು. 2016ರಲ್ಲಿ ಅವರ ಪರೀಕ್ಷೆಯ ಫಲಿತಾಂಶ ಬಂತು. ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ್ದ 80 ಜನ, 12 ವಾರ. ಅರ್ಧ ಜನಕ್ಕೆ ಕೈಗವಸಿನದು, ಅರ್ಧ ಜನಕ್ಕೆ ತಾನೇ ಬಂದುಹೋಗುವ ಮಾಮೂಲಿ ಕರೆಂಟ್. ಅಳತೆ ಏನಪ್ಪಾ ಅಂದರೆ, ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡುಗಳನ್ನು ಪೆಟ್ಟಿಗೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಾಕುತ್ತಾರೆ ಎನ್ನುವುದು. ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ಕೈಗವಸಿನವರು ಮೊದಲಿಗಿಂತ ಸರಾಸರಿ 4.6 ತುಂಡು ಜಾಸ್ತಿ ಹಾಕುತ್ತಿದ್ದರು, ಉಳಿದವರು 1.8.

"ಇಷ್ಟೇನಾ?" ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಮೊದಲು ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಮನೆಯಲ್ಲಿ ನಾವೇ ಅಳೆಯಲು ಶುರು ಮಾಡಿದೆವು. ಮರದ ತುಂಡಿನ ಬದಲು ಅಪ್ಪನ ದಾರದ ರೀಲುಗಳು, ಪೆಟ್ಟಿಗೆ ಬದಲು ಎರಡು ಸ್ಟೀಲ್ ಡಬ್ಬಿ, ಫೋನಿನಲ್ಲಿ ಒಂದು ನಿಮಿಷ. ಮೊದಲ ದಿನ ಎರಡು ರೀಲು. ಎರಡನೆಯದನ್ನು ಹಾಕಿದರೂ ಬೆರಳು ಬಿಡದೆ ಡಬ್ಬಿಯೇ ಕೈಜೊತೆ ಮೇಲೆದ್ದಿತ್ತು. ನಾಲ್ಕು ತಿಂಗಳಿಗೆ ಏಳು ರೀಲು. ಎರಡಕ್ಕೂ ಏಳಕ್ಕೂ ನಡುವೆ ಏನಿದೆ ಗೊತ್ತಾ? ಚಪಾತಿಯನ್ನು ಒತ್ತಿ ಹಿಡಿಯುವುದು. ಪ್ಯಾಂಟಿನ ಜಿಪ್. ಬಸ್ಸಿನಲ್ಲಿ ಕಂಬಿ ಹಿಡಿದು, ಇಳಿಯುವಾಗ ಅದನ್ನು ಬಿಡುವುದು.

ಕ್ಲೀವ್‌ಲ್ಯಾಂಡ್‌ನ ಆ ಪರೀಕ್ಷೆಯಲ್ಲಿ ನೀವು ಗಮನಿಸಬೇಕಾದ್ದು ಇನ್ನೊಂದಿದೆ. ಆ ಜನ ವಾರಕ್ಕೆ ಹತ್ತು ಸಲ ಅಭ್ಯಾಸ ಮಾಡಿದ್ದು ಆಸ್ಪತ್ರೆಯಲ್ಲಲ್ಲ, ಅವರವರ ಮನೆಯಲ್ಲಿ. ಥೆರಪಿಸ್ಟ್ ಎದುರು ಕೂತದ್ದು 12 ವಾರಕ್ಕೆ ಒಟ್ಟು 20 ಸಲ. ಅಂದರೆ ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ. ನಮ್ಮ ತಾಲೂಕು ಆಸ್ಪತ್ರೆಗೂ ಫಿಸಿಯೋಥೆರಪಿಸ್ಟ್ ಬರುವುದು ವಾರಕ್ಕೆ ಎರಡೇ ದಿನ! ಇರುವ ವ್ಯವಸ್ಥೆಗೇ ಹೊಂದುತ್ತದೆ. ಇಲ್ಲದಿರುವುದು ಮನೆಗೆ ಕೊಟ್ಟು ಕಳಿಸುವ ಯಂತ್ರ.

ಎಲ್ಲರಿಗೂ ಇದು ಆಗುವುದಿಲ್ಲ, ಅದನ್ನೂ ಹೇಳಬೇಕು. ಕೈಯಲ್ಲಿ ಅಲ್ಪಸ್ವಲ್ಪವಾದರೂ ಚಲನೆ ಉಳಿದವರಿಗೆ, ಸ್ಟ್ರೋಕ್ ಆಗಿ ಎರಡು ವರ್ಷ ದಾಟದವರಿಗೆ ಲಾಭ ಜಾಸ್ತಿ ಕಂಡಿದೆ. ಅಮೆರಿಕದ ಹೃದಯ ಸಂಘ ಮತ್ತು ಸ್ಟ್ರೋಕ್ ಸಂಘದ 2016ರ ಮಾರ್ಗಸೂಚಿ, ಮೊದಲ ಕೆಲವು ತಿಂಗಳಲ್ಲಿ ಚಲನೆ ತೀರಾ ಕಡಿಮೆ ಇರುವವರಿಗೆ ಇದನ್ನು ಪರಿಗಣಿಸಬಹುದು ಎನ್ನುತ್ತದೆ. ಬ್ರಿಟನ್‌ನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2013ರಲ್ಲಿ ಇನ್ನೂ ಬಿಗಿ ಮಾಡಿತ್ತು: ಎಲ್ಲರಿಗೂ ರೂಢಿಯಂತೆ ಕೊಡಬೇಡಿ, ರೋಗಿ ಪ್ರಯತ್ನಿಸಿದಾಗ ಸ್ನಾಯು ಸ್ವಲ್ಪವಾದರೂ ಸಂಕುಚಿಸುವುದು ಕಂಡರೆ ಕೊಟ್ಟು ನೋಡಿ ಎಂದಿತ್ತು. ಪೇಸ್‌ಮೇಕರ್ ಇದ್ದವರಿಗೆ ಇದು ಸಲ್ಲದು. ಫಿಟ್ಸ್ ಬರುವವರು, ಚರ್ಮದಲ್ಲಿ ಗಾಯ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಾಗಾಗಿ ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮ ಮಾತ್ರ ದಯವಿಟ್ಟು ಬೇಡ.

ಕೇಳಲು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಾವೇ ಸಾಕ್ಷಿ. ಆ ಕ್ಲಿನಿಕ್ ಸಿಗುವ ಮುಂಚೆ ಆನ್‌ಲೈನ್‌ನಲ್ಲಿ ನೋಡಿ ಒಂದು ಯಂತ್ರ ತರಿಸಿದ್ದೆ, 1,800 ರೂಪಾಯಿ. ಡಬ್ಬದ ಮೇಲೆ ಪಾರ್ಶ್ವವಾಯು ಎಂದೂ ಅಚ್ಚಾಗಿತ್ತು. ಅದು ಟೆನ್ಸ್ ಯಂತ್ರ, ನೋವು ಕಡಿಮೆ ಮಾಡುವಂಥದ್ದು. ಜುಮ್ಮೆನ್ನುತ್ತದೆ, ಬೆರಳು ಅಲುಗುವುದಿಲ್ಲ. ಈಗ ಅಮ್ಮ ಅದನ್ನು ತನ್ನ ಮಂಡಿಗೆ ಹಚ್ಚಿಕೊಳ್ಳುತ್ತಾಳೆ, ಅಷ್ಟು ಉಪಯೋಗವಾಯಿತು. ಸರಿಯಾದ ಯಂತ್ರಕ್ಕೆ 6,500 ಕೊಟ್ಟೆವು. ಅಂಟಿಸುವ ಪ್ಯಾಡ್ ತಿಂಗಳಿಗೆ ಒಂದು ಜೊತೆ ಬೇಕು, ಅಂಟು ಹೋದರೆ ಕರೆಂಟ್ ಒಂದೇ ಕಡೆ ಚುಚ್ಚುತ್ತದೆ. ದುಡಿಯುವವರ ಬಲಗೈ ಬಿದ್ದ ಮನೆಯಲ್ಲಿ ಈ ಲೆಕ್ಕ ಸಣ್ಣದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನಮ್ಮ ಹತ್ತಿರ ಇದೆ, ವರ್ಷಕ್ಕೆ 5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಮಲಗಿದಾಗ ಅದು ಕಾಪಾಡಿತು. ಎದ್ದು ಬಂದ ಮೇಲಿನ ತಿಂಗಳುಗಟ್ಟಲೆಯ ಫಿಸಿಯೋಥೆರಪಿ, ಈ ಯಂತ್ರ, ಈ ಪ್ಯಾಡ್, ಎಲ್ಲ ನಮ್ಮ ಜೇಬಿನಿಂದಲೇ ಹೋಯಿತು.

ದೊಡ್ಡ ದೊಡ್ಡ ಸುದ್ದಿಗಳೂ ಬರುತ್ತಿವೆ, ನಿಮ್ಮ ಟೇಬಲ್‌ಗೂ ಬಂದಿರುತ್ತವೆ. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಎದೆಯಲ್ಲಿ ಯಂತ್ರವಿಟ್ಟು ಕತ್ತಿನ ವೇಗಸ್ ನರಕ್ಕೆ ಕರೆಂಟ್ ಕೊಡುವ ವಿವಿಸ್ಟಿಮ್ ಉಪಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಹಿಂದಿನ 108 ಜನರ ಪರೀಕ್ಷೆಯಲ್ಲಿ, ಥೆರಪಿ ಜೊತೆ ನಿಜವಾದ ಕರೆಂಟ್ ಪಡೆದವರಲ್ಲಿ 47 ಶೇಕಡಾ ಜನರಿಗೆ ಗುರುತಿಸುವಷ್ಟು ಸುಧಾರಣೆ ಆಯಿತು, ಉಳಿದವರಲ್ಲಿ 24. 2023ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇಬ್ಬರಿಗೆ ಕತ್ತಿನ ಭಾಗದ ಬೆನ್ನುಹುರಿಗೆ ಕರೆಂಟ್ ಕೊಟ್ಟು ಕೈ ಆಡಿಸಿದರು. ಒಳ್ಳೆಯದೇ. ನಿಮ್ಹಾನ್ಸ್‌ನಂಥ ಕಡೆ ಅವೂ ಬರಲಿ. ಆದರೆ ಅವಕ್ಕೆಲ್ಲ ಆಪರೇಷನ್ ಬೇಕು. ಚರ್ಮದ ಮೇಲೆ ಅಂಟಿಸುವ ಎರಡು ಪ್ಯಾಡೇ ತಾಲೂಕಿಗೆ ಮುಟ್ಟದಿರುವಾಗ, ಬೆಂಗಳೂರಿನಲ್ಲಿ ಅವಕ್ಕೆ ರಿಬ್ಬನ್ ಕತ್ತರಿಸಿದರೆ ನನಗೆ ಖುಷಿಯಾಗುವುದಿಲ್ಲ.

ನಿಮ್ಮ ಇಲಾಖೆಗೆ ಇಂಥದ್ದು ಮಾಡಲು ಬರುವುದಿಲ್ಲ ಅಂತ ನಾನು ಹೇಳಲಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಹೃದಯಾಘಾತದ ದುಬಾರಿ ಇಂಜೆಕ್ಷನ್ ತಾಲೂಕು ಆಸ್ಪತ್ರೆಗೇ ಬಂತು. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಸ್ಟ್ರೋಕ್ ಕೂಡ ಇದೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯದಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಹಾಗೆ ಬಂದಾಗ ಸ್ಟ್ರೋಕ್ ಆದವರನ್ನು "ಕೈ ತೆರೆಯಿರಿ ನೋಡೋಣ" ಎಂದು ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು.

ನಾನು ಮುಖ್ಯವಾಗಿ ಕೇಳುತ್ತಿರುವುದು ಲೈಬ್ರರಿ ಪುಸ್ತಕದ ಹಾಗೆ ಯಂತ್ರ ಎರವಲು ಕೊಡುವ ವ್ಯವಸ್ಥೆ. ಒಂದೊಂದು ತಾಲೂಕು ಆಸ್ಪತ್ರೆಯಲ್ಲಿ ಹತ್ತು ಪುಟ್ಟ ಸ್ಟಿಮ್ಯುಲೇಟರ್ ಇಡಿ. ಫಿಸಿಯೋಥೆರಪಿಸ್ಟ್ ಕೈ ನೋಡಿ, ಆಗುತ್ತದೆ ಎನಿಸಿದರೆ ಪ್ಯಾಡ್ ಎಲ್ಲಿ ಅಂಟಿಸಬೇಕೆಂದು ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಮನೆಯವರೊಬ್ಬರಿಗೆ ಕಲಿಸಿ, ಮೂರು ತಿಂಗಳಿಗೆ ಕೊಡಲಿ. ವಾರಕ್ಕೊಮ್ಮೆ ಕರೆದು ನೋಡಲಿ. ಮೂರು ತಿಂಗಳಾದ ಮೇಲೆ ಯಂತ್ರ ಮುಂದಿನವರಿಗೆ. ಕೋವಿಡ್ ಹೊತ್ತಿನಲ್ಲಿ ಎಷ್ಟೋ ಸಂಘಗಳು ಆಕ್ಸಿಜನ್ ಯಂತ್ರವನ್ನು ಹೀಗೇ ಮನೆಮನೆಗೆ ಕೊಟ್ಟು ವಾಪಸ್ ಪಡೆಯಲಿಲ್ಲವೇ? ಪ್ಯಾಡನ್ನು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಹಾಕುವಂತಿಲ್ಲ. ಅದನ್ನು ಹತ್ತಿ, ಬ್ಯಾಂಡೇಜ್ ಲೆಕ್ಕಕ್ಕೆ ಸೇರಿಸಿ, ತಿಂಗಳು ತಿಂಗಳು ಬರುವ ಹಾಗೆ ಮಾಡಿ. ಯಂತ್ರ ಕೊಳ್ಳಲು ದುಡ್ಡಿರುತ್ತದೆ, ಪ್ಯಾಡ್ ಕೊಳ್ಳಲು ಇರುವುದಿಲ್ಲ. ಆ ಮೂಲೆಯ ಯಂತ್ರ ಬಟ್ಟೆ ಹೊದ್ದು ಮಲಗಿದ್ದು ಅದಕ್ಕೇ ಅಲ್ವಾ?

ಫಿಸಿಯೋಥೆರಪಿಸ್ಟ್‌ಗಳನ್ನು ಜಾಸ್ತಿ ಮಾಡಿ ಎಂದು ನಾನು ಹೇಳಬೇಕಾಗಿಲ್ಲ, ನಿಮಗೆ ಗೊತ್ತಿರುವ ವಿಷಯ. ಬ್ರಿಟನ್‌ನ 2023ರ ಮಾರ್ಗಸೂಚಿ ಸ್ಟ್ರೋಕ್ ಆದವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಥೆರಪಿ ಇರಬೇಕು ಎನ್ನುತ್ತದೆ. ಅದನ್ನು ಅಪ್ಪನಿಗೆ ಓದಿ ಹೇಳಿದೆ. "ಮೂರು ಗಂಟೆನಾ? ಒಂದು ಸಫಾರಿ ಕಟಿಂಗ್ ಮುಗಿಯುತ್ತೆ," ಎಂದರು.

ಮತ್ತೆ ಆ ಚೆಂಡು. ಡಿಸ್ಚಾರ್ಜ್ ಚೀಟಿಯಲ್ಲಿ ಚೆಂಡಿನ ಬದಲು ಫಿಸಿಯೋಥೆರಪಿಗೆ ಬರಬೇಕಾದ ತಾರೀಖು ಬರೆದು ಕಳಿಸಲು ಒಂದು ರೂಪಾಯಿಯೂ ಬೇಡ. ನಮಗೆ ಏಳು ತಿಂಗಳು ಹೋಯಿತು. ಶುರುವಿನ ತಿಂಗಳುಗಳೇ ಹೆಚ್ಚು ಚೇತರಿಸಿಕೊಳ್ಳುವ ಕಾಲ, ಅವು ತಿರುಗಿ ಬರುವುದಿಲ್ಲ.

ಈಗ ಅಪ್ಪ ಹೇಗಿದ್ದಾರೆ ಎಂದರೆ, ಮೊದಲಿನಂತಿಲ್ಲ. ಬ್ಲೌಸ್ ಪೀಸ್ ಕತ್ತರಿಸಲು ಆಗುವುದಿಲ್ಲ, ಮುಂದೆ ಆಗುತ್ತದೋ ಇಲ್ಲವೋ ಹೇಳಲಾಗದು ಎಂದು ಕ್ಲಿನಿಕ್‌ನ ಆ ಹುಡುಗಿ ನೇರವಾಗಿಯೇ ಹೇಳಿದ್ದಾರೆ. ಸಣ್ಣ ದಾರ ಕತ್ತರಿಯಿಂದ ದಾರ ತುಂಡರಿಸುತ್ತಾರೆ. ಅದಕ್ಕೆ ಸ್ಪ್ರಿಂಗ್ ಇದೆ, ತಾನೇ ತೆರೆದುಕೊಳ್ಳುತ್ತದೆ. ಕಟಿಂಗ್ ಅಮ್ಮನದು, ಅಳತೆ ಹೇಳುವುದು ಅಪ್ಪ. ಇಬ್ಬರಿಗೂ ದಿನಾ ಜಗಳ. ಮಷೀನಿನ ಮುಂದೆ ಕೂತು ಎಡಗೈಯಿಂದ ಬಟ್ಟೆ ತಳ್ಳುತ್ತಾರೆ, ಬಲಗೈಯಿಂದ ಒತ್ತಿ ಹಿಡಿಯುತ್ತಾರೆ. ನೇರ ಹೊಲಿಗೆ ಸಲೀಸು. ತಿರುವು ಬಂದಾಗ ಕೈ ಎತ್ತಿ ಇಡಬೇಕು, ಅಲ್ಲಿ ಹೊತ್ತಾಗುತ್ತದೆ. ದಿಂಬಿನ ಕವರು, ಕೈಚೀಲದ ಆರ್ಡರ್ ತೆಗೆದುಕೊಳ್ಳುತ್ತಿದ್ದಾರೆ.

ಈ ಪತ್ರ ಬರೆಯುತ್ತೇನೆ ಎಂದಾಗ ಅವರೂ ಒಂದು ಮಾತು ಸೇರಿಸಲು ಹೇಳಿದರು. ತಾಲೂಕು ಆಸ್ಪತ್ರೆಯ ಯಂತ್ರಕ್ಕೆ ಪ್ಯಾಡ್ ಬಂದ ದಿನ ಫೋನ್ ಮಾಡಿಸಬೇಕಂತೆ. ಅದರ ಕವರನ್ನು ಬಿಚ್ಚಿ, ಅಂಚು ಸರಿಯಾಗಿ ಮಡಚಿ, ದುಡ್ಡಿಲ್ಲದೆ ಹೊಲಿದು ಕೊಡುತ್ತಾರಂತೆ. ನಾಲ್ಕೂ ಕಡೆ ನೇರ ಹೊಲಿಗೆಯೇ ಎಂದು ಆವತ್ತೇ ನೋಡಿಕೊಂಡಿದ್ದಾರೆ.

ಇಂತಿ,
ಟೇಲರ್ ಮಗಳು